ಗೇಣು ಮೇಲೆ ನಿಲ್ಲುವ ಲಿಫ್ಟಿಗೆ, ಕಿರುಸ್ವರಗಳ ವಿಚಾರವಾಗಿ

ಮಾನ್ಯ ಲಿಫ್ಟ್ ಮಹಾಶಯರೇ,

ಸಕಲ ನಿವಾಸಿಗಳನ್ನೂ ಅವರವರ ತಾಳ್ಮೆಗೆ ತಕ್ಕಷ್ಟು ಕಾಯಿಸಿ, ಕೊನೆಗೆ ಅವರು ಇಳಿಯಬೇಕೆಂದಿದ್ದ ಮಹಡಿಗೆ ಸುಮಾರಾಗಿ ಹತ್ತಿರವಿರುವ ಯಾವುದಾದರೊಂದು ಮಹಡಿಗೆ ಮುಟ್ಟಿಸುತ್ತಿರುವ ತಮ್ಮ ಸನ್ನಿಧಿಗೆ, ಇದೇ ಕಟ್ಟಡದ ಎರಡನೇ ಮಹಡಿಯ ಬಲಗಡೆಯ ಮನೆಯಲ್ಲಿ ಅಕ್ಕನ ಜೊತೆ ವಾಸವಾಗಿದ್ದುಕೊಂಡು ಪಿಯಾನೋ ಪಾಠ ಹೇಳಿ ಬದುಕುತ್ತಿರುವ ನಾನು ಮಾಡುವ ಅನೇಕಾನೇಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ತಮ್ಮ ಕ್ಷೇಮಸಮಾಚಾರವು ಗೋಡೆಯೊಳಗಿಂದ ಗರಗರನೆ ದಿನವಿಡೀ ಕೇಳಿಬರುತ್ತಿರುವುದರಿಂದ ಬೇರೆಯಾಗಿ ವಿಚಾರಿಸುವ ಪ್ರಸಂಗವೇ ಬಂದಿಲ್ಲ.

ತಮಗೆ ನೇರವಾಗಿ ಬರೆಯುವ ಅಧಿಕಪ್ರಸಂಗ ನನ್ನದಲ್ಲ. ಮೊದಲು ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಬಳಿಗೇ ಹೋಗಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಏನ್ ಮಾಡೋದು ಮೇಡಂ, ನಾವು ಹೇಳಿದ್ರೆ ಅದು ಕೇಳುತ್ತಾ?" ಎಂದರು. ತಮಗೆ ಯಾರೂ ಇದುವರೆಗೆ ಹೇಳಿಯೇ ಇಲ್ಲವೆಂಬುದು ಆಗ ಹೊಳೆಯಿತು. ಆದ್ದರಿಂದ ಹೇಳುತ್ತಿದ್ದೇನೆ. ಪತ್ರವನ್ನು ತಮ್ಮ ಜಾಲರಿ ಬಾಗಿಲಿನ ಪಕ್ಕದಲ್ಲೇ ಅಂಟಿಸುವುದರಿಂದ ತಮ್ಮನ್ನು ಕಾಯುತ್ತಾ ನಿಲ್ಲುವ ಮಹಾಜನರೂ ಓದಿಕೊಳ್ಳಬಹುದು. ಅವರಿಗೆ ಬೇಕಾದಷ್ಟು ಸಮಯವಿರುತ್ತದೆ.

ಮೊದಲಿಗೆ ಸಲ್ಲಬೇಕಾದ ಗೌರವ ಸಲ್ಲಿಸುತ್ತೇನೆ. ತಮ್ಮನ್ನು ನಾನು ಬಹುಕಾಲ "ಹಾಳು ಡಬ್ಬ" ಎಂದೇ ಕರೆದುಕೊಂಡು ಬಂದವಳು. ಕ್ಲಾಸಿಕಲ್ ಕಾಲದ, ಅಂದರೆ ಪುಡಿ ಉದುರಿಸಿದ ಕೃತಕ ಕೂದಲನ್ನು ತಲೆಗೇರಿಸಿಕೊಳ್ಳುತ್ತಿದ್ದವರ ಕಾಲದ, ಪಿಯಾನೋ ಸಂಗೀತದಲ್ಲಿ ಬರುವ ಅಲಂಕಾರಗಳನ್ನು ಶಾಸ್ತ್ರ ತಪ್ಪದೆ ನಡೆಸಿಕೊಂಡು ಬಂದಿರುವವರು ಈ ಬೀದಿಯಲ್ಲಿ ಇಬ್ಬರೇ, ಒಬ್ಬಳು ನನ್ನ ಅಕ್ಕ, ಇನ್ನೊಬ್ಬರು ತಾವು ಎಂಬುದು ಅರ್ಥವಾದ ಮೇಲೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡಿದ್ದೇನೆ. ಆ ಕಾಲದ ಸಂಗೀತದ ಹಾಳೆಗಳಲ್ಲಿ ದೊಡ್ಡ ಸ್ವರಗಳ ಪಕ್ಕದಲ್ಲಿ ಇರುವೆಯಷ್ಟು ಚಿಕ್ಕ ಸ್ವರಗಳನ್ನೂ, ತಲೆಯ ಮೇಲೆ ಸುರುಳಿ ಗುರುತುಗಳನ್ನೂ ಹಾಕಿ ಬಿಟ್ಟಿರುತ್ತಾರೆ. ಅವನ್ನು ಹೇಗೆ ನುಡಿಸಬೇಕೆಂದು ಬರೆದಿರುವುದಿಲ್ಲ. ಗೊತ್ತಿರುವವರಿಗೆ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು. ತಮಗೆ ಗೊತ್ತಿತ್ತು.

ಉದಾಹರಣೆಗೆ ಆ ಮಲಗಿದ ಸುರುಳಿಯ ಗುರುತು. ಅದನ್ನು ಕಂಡಲ್ಲಿ ಮುಖ್ಯಸ್ವರದ ಮೇಲಿನ ಸ್ವರವನ್ನು ಮೊದಲು ಮುಟ್ಟಿ, ಮುಖ್ಯಸ್ವರಕ್ಕೆ ಬಂದು, ಕೆಳಗಿನ ಸ್ವರಕ್ಕೆ ಇಳಿದು, ಮತ್ತೆ ಮುಖ್ಯಸ್ವರದಲ್ಲಿ ನಿಲ್ಲಬೇಕು. ನೆಲಮಹಡಿಯಲ್ಲಿ ಹತ್ತಿಕೊಂಡು ಎರಡನೇ ಮಹಡಿಯ ಗುಂಡಿ ಒತ್ತಿದರೆ ತಾವು ಮಾಡುವುದೂ ಅಕ್ಷರಶಃ ಅದನ್ನೇ: ಸೀದಾ ಮೂರನೇ ಮಹಡಿಗೆ ಹೋಗುತ್ತೀರಿ, ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಎರಡನೆಯದಕ್ಕೆ ಇಳಿಯುತ್ತೀರಿ, ಅಲ್ಲಿಂದ ಏನೋ ಮರೆತವರಂತೆ ಒಂದನೆಯದಕ್ಕೆ ಹೋಗಿ, ಮತ್ತೆ ಎರಡನೆಯದಕ್ಕೆ ಬಂದು ನಿಲ್ಲುತ್ತೀರಿ. ಇಷ್ಟು ಸ್ಪಷ್ಟವಾದ ಪ್ರಾತ್ಯಕ್ಷಿಕೆ ಕೈಗೆ ಸಿಕ್ಕಿರುವಾಗ ಕರಿಹಲಗೆಯ ಮೇಲೆ ಗೀಚುತ್ತಾ ಕೂರುವುದು ಮೂರ್ಖತನವೆನಿಸಿ, ಶಿಷ್ಯರನ್ನೆಲ್ಲ ನಾನು ತಮ್ಮೊಳಗೆ ಕೂರಿಸಿ ಕಳಿಸತೊಡಗಿದೆ. ಒಂದು ಸುತ್ತು ಹೋಗಿಬಂದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಇದರಿಂದ ಆದ ಸಣ್ಣ ಅನಾಹುತವನ್ನು ತಮ್ಮ ಗಮನಕ್ಕೆ ತರಬೇಕು. ಒಂದನೇ ಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರು ನನ್ನ ಶಿಷ್ಯರು. ಮಧ್ಯವಯಸ್ಸು, ವಿಪರೀತ ಶ್ರದ್ಧೆ, ಹಲ್ಲು ಕೀಳುವಾಗ ಇರುವ ಧೈರ್ಯ ಪಿಯಾನೋ ಮುಂದೆ ಇರುವುದಿಲ್ಲ. ಸಂಗೀತ ಪರೀಕ್ಷೆಯ ದಿನ ಪರೀಕ್ಷಕರು ಸುರುಳಿ ಗುರುತನ್ನು ತೋರಿಸಿ ಇದನ್ನು ಬಿಡಿಸಿ ಹೇಳಿ ಎಂದಾಗ, ನಮ್ಮ ಡಾಕ್ಟರು, "ಮೂರನೇ ಮಹಡಿ, ಎರಡನೇ ಮಹಡಿ, ಒಂದನೇ ಮಹಡಿ, ಮತ್ತೆ ಎರಡನೇ ಮಹಡಿ" ಎಂದುಬಿಟ್ಟರಂತೆ. ಪರೀಕ್ಷಕರು ನೀರು ಬೇಕೇ ಎಂದು ಕೇಳಿದರಂತೆ. ಡಾಕ್ಟರು ಪಾಸಾಗಲಿಲ್ಲ. ಉತ್ತರ ಸರಿಯೇ ಇತ್ತೆಂದು ತಾವೂ ನಾನೂ ಪ್ರಮಾಣ ಮಾಡಿ ಹೇಳಬಲ್ಲೆವು, ಆದರೆ ನಮ್ಮನ್ನು ಕೇಳುವವರು ಯಾರು?

ಇನ್ನು ಕಂಪನ, ಅಂದರೆ ಎರಡು ಅಕ್ಕಪಕ್ಕದ ಸ್ವರಗಳನ್ನು ಬೇಗಬೇಗ ಅದಲುಬದಲು ಮಾಡುವ ಟ್ರಿಲ್. ಈಗಿನವರು ಅದನ್ನು ಮುಖ್ಯಸ್ವರದಿಂದಲೇ ಶುರುಮಾಡಿ ಪರದಾಡುತ್ತಾರೆ. ಹಳೆಯ ಕ್ರಮ ಹಾಗಲ್ಲ, ಮೇಲಿನ ಸ್ವರದಿಂದ ಶುರುವಾಗಬೇಕು, ಮೊದಲು ನಿಧಾನವಾಗಿ, ಆಮೇಲೆ ಬಿಗಿಯಾಗಿ, ಕೊನೆಯಲ್ಲಿ ಒಂದಿಷ್ಟು ಕೆಳಗೆ ತಾಗಿ ಮುಖ್ಯಸ್ವರದಲ್ಲಿ ನಿಲ್ಲಬೇಕು. ತಾವು ಯಾವ ಮಹಡಿಗೆ ಬಂದರೂ ನೆಲಕ್ಕಿಂತ ಒಂದು ಗೇಣು ಮೇಲೆ ನಿಲ್ಲುತ್ತೀರಿ. ಆಮೇಲೆ ಇಳಿಯುತ್ತೀರಿ, ಏರುತ್ತೀರಿ, ಇಳಿಯುತ್ತೀರಿ, ಮೈಯೆಲ್ಲ ಅದುರಿಸಿಕೊಂಡು ಒಮ್ಮೆ ನೆಲಕ್ಕಿಂತ ಕೆಳಗೂ ಮುಖ ಹಾಕಿ, ನಂತರ ಸರಿಯಾಗಿ ಕೂರುತ್ತೀರಿ. ಮೇಲಿನ ಸ್ವರದಿಂದ ಶುರುಮಾಡುವ ನಿಯಮವನ್ನು ತಾವು ಒಂದು ದಿನವೂ ಮುರಿದಿಲ್ಲ. ಆ ದಿನವೂ ಮುರಿಯಲಿಲ್ಲ.

ಆ ದಿನದ ಬಗ್ಗೆ ಬರೆಯುವುದಕ್ಕೇ ಇಷ್ಟೆಲ್ಲ ಸುತ್ತಿ ಬಳಸಿ ಬಂದೆ. ಹಣ್ಣು ತರಲು ಹೋಗಿದ್ದ ನನ್ನ ಅಕ್ಕ ತಮ್ಮಲ್ಲಿ ಕೂತು ಮೇಲೆ ಬಂದಳು. ತಾವು ಪದ್ಧತಿಯಂತೆ ಗೇಣು ಮೇಲೆ ನಿಂತಿರಿ. ಅಕ್ಕ ನೆಲ ಇದೆಯೆಂದುಕೊಂಡು ಕಾಲಿಟ್ಟಳು, ನೆಲ ಇರಲಿಲ್ಲ, ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು, ಎಲುಬು ಕೂಡಿದೆ ಎಂದರು. ಆದರೆ ಕೈ ತಿರುಗುವುದಿಲ್ಲ. ನನಗೆ ಸ್ವರ ಕಲಿಸಿದ ಕೈ ಅದು, ಈಗ ಅದರಲ್ಲಿ ಡಬ್ಬಿಯ ಮುಚ್ಚಳ ತೆಗೆಯಲೂ ಆಗುವುದಿಲ್ಲ. ಅಂದಿನಿಂದ ಅಕ್ಕ ತಮ್ಮೊಳಗೆ ಕಾಲಿಡಲಿಲ್ಲ. ಮಂಡಿ ನೋವಿನವಳಾದ್ದರಿಂದ ಮೆಟ್ಟಿಲೂ ಇಲ್ಲ. ಅವಳ ಲೋಕ ಒಳಕೋಣೆಯ ಮಂಚ ಮತ್ತು ಕಿಟಕಿಗೆ ಬಂದು ನಿಂತಿತು. ಎಡಗೈ ಚೆನ್ನಾಗಿಯೇ ಇದ್ದರೂ ಪಿಯಾನೋ ಹತ್ತಿರ ಬರಲಿಲ್ಲ. "ಸಾಕು ಬಿಡೇ, ನುಡಿಸಿದ್ದು ಸಾಕು" ಎಂದಳು. ಮಹಾಶಯರೇ, ನನಗೆ ತಮ್ಮ ಮೇಲೆ ಸಿಟ್ಟಿದೆ. ಮರ್ಯಾದೆಯ ಮಾತುಗಳ ನಡುವೆ ಅದು ಕಾಣದೇ ಹೋದೀತೆಂದು ಬಿಡಿಸಿ ಬರೆದಿದ್ದೇನೆ.

ಆದರೂ ಅಕ್ಕ ಒಂದು ವಿಷಯವನ್ನು ಮಾತ್ರ ಬಿಟ್ಟಿರಲಿಲ್ಲ, ಅದು ನನ್ನನ್ನು ಬೈಯುವುದು. ನಮ್ಮಿಬ್ಬರಿಗೂ ಒಂದು ಹಳೆಯ ಜಗಳವಿದೆ. ದೊಡ್ಡ ಸ್ವರದ ಮುಂದೆ ಅಂಟಿಕೊಂಡು ಬರುವ ಒಂಟಿ ಕಿರುಸ್ವರದಲ್ಲಿ ಎರಡು ಜಾತಿ. ಬಾಲಕ್ಕೆ ಅಡ್ಡಗೀಟು ಇದ್ದರೆ ಅದನ್ನು ಚಕ್ಕನೆ ಚಚ್ಚಿ ದೊಡ್ಡ ಸ್ವರಕ್ಕೆ ಹಾರಿಬಿಡಬಹುದು. ಅಡ್ಡಗೀಟು ಇಲ್ಲದಿದ್ದರೆ ಆ ಪುಟ್ಟದ್ದೇ ತಾಳದ ಪೆಟ್ಟಿನ ಮೇಲೆ ಬಂದು ಕೂರಬೇಕು, ದೊಡ್ಡ ಸ್ವರದ ಅರ್ಧ ಕಾಲವನ್ನು ತಾನು ತಿನ್ನಬೇಕು, ಕೆಳಗಿನ ಮಂದ್ರಸ್ವರಕ್ಕೆ ಹೊಂದದೆ ಒಂದಿಷ್ಟು ಹೊತ್ತು ಕಸಿವಿಸಿ ಮಾಡಬೇಕು, ಆಮೇಲಷ್ಟೇ ದೊಡ್ಡ ಸ್ವರ ಮೆಲ್ಲಗೆ ಬಂದು ಸಮಾಧಾನ ಹೇಳಬೇಕು. ನನಗೆ ಆ ಕಸಿವಿಸಿ ತಡೆಯುವುದಿಲ್ಲ. ನೋಯುವ ಹಲ್ಲನ್ನು ಬೇಕೆಂದೇ ನಾಲಿಗೆಯಿಂದ ಒತ್ತಿದ ಹಾಗಾಗುತ್ತದೆ. ಹಾಗಾಗಿ ಗೀಟು ಇರಲಿ ಬಿಡಲಿ ಎಲ್ಲವನ್ನೂ ಚಚ್ಚಿ ಮುಂದೆ ಹೋಗುವುದು ನನ್ನ ರೂಢಿ. ಅಕ್ಕ ಮಂಚದ ಮೇಲಿಂದಲೇ ಕೂಗುತ್ತಿದ್ದಳು: "ಅದೇನೇ ಅಷ್ಟು ಅವಸರ? ಬಸ್ಸು ಹಿಡೀಬೇಕಾ? ಚಿಕ್ಕದಕ್ಕೂ ಸ್ವಲ್ಪ ಜಾಗ ಕೊಡು, ದೊಡ್ಡದೇನು ಓಡಿಹೋಗಲ್ಲ!" ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಶಿಷ್ಯರ ವಾರ್ಷಿಕ ಕಛೇರಿ ಹತ್ತಿರ ಬಂತು. ಎದುರು ಬೀದಿಯ ಸಭಾಂಗಣದಲ್ಲಿ ಪ್ರತಿ ವರ್ಷ ಕೊನೆಯಲ್ಲಿ ಅಕ್ಕನೂ ನಾನೂ ಒಂದೇ ಪಿಯಾನೋ ಮುಂದೆ ಅಕ್ಕಪಕ್ಕ ಕೂತು ನಾಲ್ಕು ಕೈಯಲ್ಲಿ, ಅಡ್ಡಗೀಟಿಲ್ಲದ ಕಿರುಸ್ವರ ಬರುವ ಒಂದು ನಿಧಾನಗತಿಯ ಕೃತಿ ನುಡಿಸುವುದು ಪದ್ಧತಿ. ಈ ಸಲ ಮೂರು ಕೈಯಲ್ಲಿ ನುಡಿಸೋಣ, ನಿನ್ನ ಎಡಗೈ ಸಾಕು ಎಂದು ದಮ್ಮಯ್ಯ ಗುಡ್ಡೆ ಹಾಕಿದೆ. ಅವಳು ಒಪ್ಪಲಿಲ್ಲ. ನಾನು ಅತ್ತುಬಿಟ್ಟೆ. ಕೊನೆಗೆ ಅವಳು ಒಪ್ಪಿದ್ದು ನನ್ನ ಅಳುವಿಗಲ್ಲ, "ಆ ಕಿರುಸ್ವರವನ್ನು ಕಛೇರಿಯಲ್ಲಿ ನನ್ನಿಷ್ಟದ ಹಾಗೆ ಚಚ್ಚುತ್ತೇನೆ, ಕೇಳುವವರು ಯಾರೂ ಇಲ್ಲ" ಎಂದ ನನ್ನ ಬೆದರಿಕೆಗೆ.

ಕಛೇರಿಯ ಸಂಜೆ ಅಕ್ಕ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಇಷ್ಟು ತಿಂಗಳ ಮೇಲೆ ಮೊದಲ ಸಲ ಮನೆಯ ಹೊಸ್ತಿಲು ದಾಟಿದಳು. ತಮ್ಮೊಳಗೆ ಒಂದು ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಕುರ್ಚಿ ಇಟ್ಟ ಮೇಲೆ ನನಗೆ ನಿಲ್ಲಲು ಜಾಗ ಉಳಿಯಲಿಲ್ಲವಾಗಿ ನಾನು ಮೆಟ್ಟಿಲಿನಲ್ಲಿ ಇಳಿಯುವುದೆಂದಾಯಿತು. ಆಗ ತಾವು ತಮ್ಮ ವಿದ್ವತ್ತನ್ನೆಲ್ಲ ಪ್ರದರ್ಶಿಸಿದಿರಿ. ಅಕ್ಕ ನೆಲಮಹಡಿಯ ಗುಂಡಿ ಒತ್ತಿದರೆ ತಾವು ಮೂರನೆಯದಕ್ಕೆ ಹೋದಿರಿ, ನಾನು ಮೇಲೆ ಓಡಿದೆ. ತಾವು ಎರಡನೆಯದಕ್ಕೆ ಬಂದು ಒಂದನೆಯದಕ್ಕೆ ಇಳಿದಿರಿ, ನಾನು ಏದುಸಿರು ಬಿಡುತ್ತಾ ಕೆಳಗೆ ಓಡಿದೆ. ತಾವು ಮತ್ತೆ ಏರತೊಡಗಿ, ಎರಡನೇ ಮಹಡಿಗೆ ಇನ್ನೇನು ಬಂದೇಬಿಟ್ಟಿರಿ ಅನ್ನುವಾಗ, ಅಕ್ಕನ ತಲೆ ನಮ್ಮ ಮಹಡಿಯ ನೆಲದ ಮಟ್ಟಕ್ಕೆ ಬಂದಲ್ಲಿ, ಕೆಮ್ಮಿ ನಿಂತುಬಿಟ್ಟಿರಿ.

ನಾನು ನೆಲದ ಮೇಲೆ ಬೋರಲು ಮಲಗಿ ಜಾಲರಿಯ ಸಂದಿಯಿಂದ ಅಕ್ಕನನ್ನು ನೋಡಿದೆ. ಹೆದರಿರುತ್ತಾಳೆ ಎಂದುಕೊಂಡಿದ್ದೆ. "ಏಳೇ, ಬಟ್ಟೆಯೆಲ್ಲ ಧೂಳಾಗುತ್ತೆ" ಎಂದಳು. ಕಾರ್ಯದರ್ಶಿಗಳು ಬಂದು, "ಕಂಪ್ನಿಯೋರಿಗೆ ಫೋನ್ ಮಾಡಿದೀನಿ ಮೇಡಂ, ದಾರೀಲಿದಾರಂತೆ" ಎಂದರು. ದಾರಿ ಎಷ್ಟು ಉದ್ದವೆಂದು ಅವರಿಗೂ ಗೊತ್ತಿರಲಿಲ್ಲ. ಸಭಾಂಗಣದಲ್ಲಿ ಕಾದು ಸಾಕಾದ ಶಿಷ್ಯರು, ಅವರ ಅಪ್ಪ ಅಮ್ಮಂದಿರು, ಹಲ್ಲಿನ ಡಾಕ್ಟರು ಎಲ್ಲರೂ ರಸ್ತೆ ದಾಟಿ ಬಂದು ಮೆಟ್ಟಿಲಿನ ಮೇಲೆ ಸಾಲಾಗಿ ಕೂತರು. ಕೆಲವರು ಅಯ್ಯೋ ಪಾಪ ಎಂದರು, ಕೆಲವರು ತಮ್ಮನ್ನು ಬೈದರು. ಅಕ್ಕನಿಗೆ ಅದು ಸರಿಬರಲಿಲ್ಲ. "ಇವರೆಲ್ಲ ನನ್ನ ಮುಖ ನೋಡೋಕೆ ಬಂದಿದಾರಾ? ಮನೆ ಬಾಗಿಲು ತೆಗೆದಿಟ್ಟು ಹೋಗಿ ನುಡಿಸು. ನನ್ನ ಭಾಗ ನಾನು ಇಲ್ಲಿಂದಲೇ ಹಾಡ್ತೀನಿ" ಎಂದು ಅಪ್ಪಣೆ ಕೊಡಿಸಿದಳು.

ನುಡಿಸಿದೆ. ಕಿರುಸ್ವರ ಬಂತು, ಎಂದಿನಂತೆ ದಾಟಿಕೊಂಡೆ. "ಚಚ್ಚಿದೆ!" ಎಂಬ ಕೂಗು ತಮ್ಮ ಹೊಟ್ಟೆಯೊಳಗಿಂದ ಬಂತು. ಮೊದಲಿಂದ ಶುರುಮಾಡಿದೆ. ಮತ್ತೆ, "ಚಚ್ಚಿದೆ ಕಣೇ!" ಆಮೇಲಿನ ಸಲ ಮೆಟ್ಟಿಲಿನ ಮೇಲಿದ್ದವರೆಲ್ಲ ಒಟ್ಟಿಗೆ, "ಚಚ್ಚಿದ್ರು!" ಎಂದರು, ಅದರಲ್ಲಿ ಹಲ್ಲಿನ ಡಾಕ್ಟರ ದನಿ ಎಲ್ಲರಿಗಿಂತ ಎತ್ತರದಲ್ಲಿತ್ತು. ಮಾನ್ಯರೇ, ಸ್ವಂತ ಶಿಷ್ಯರ ಮುಂದೆ ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಎದ್ದು ಬಾಗಿಲು ಹಾಕಿಕೊಳ್ಳೋಣವೆನ್ನುವಷ್ಟು ರೋಷ ಬಂತು. ಅದೇ ರೋಷದಲ್ಲಿ ಮತ್ತೊಮ್ಮೆ ಕೂತು ಆ ಕಿರುಸ್ವರವನ್ನು ಒತ್ತಿದವಳು, ಏನಾದರಾಗಲಿ ಎಂದು ಬಿಡದೆ ಅಲ್ಲೇ ಇದ್ದೆ. ಕೆಳಗಿಂದ ಅಕ್ಕನ ಮಂದ್ರಸ್ವರ, ಒರಟು ದನಿಯಲ್ಲಿ, ಅದರ ಜೊತೆ ಕೂಡದೆ ಗುದ್ದಾಡಿತು. ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ಇದ್ದು ದೊಡ್ಡ ಸ್ವರಕ್ಕೆ ಮೆಲ್ಲಗೆ ಬಂದೆ. ಕೆಳಗಿಂದ ಯಾವ ಕೂಗೂ ಬರಲಿಲ್ಲ. ಅಕ್ಕ ಹಾಡು ಮುಂದುವರಿಸಿದ್ದಳು. ನನಗೆ ಅಳು ಬಂದು ಹಾಳೆಯ ಮೇಲಿನ ಸಾಲು ಕಾಣದೇ ಹೋದರೂ ಕೊನೆಯವರೆಗೆ ನುಡಿಸಿದೆ.

ಕಂಪನಿಯವರು ಬಂದು, ಮೇಲಿನ ಕೋಣೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ತಮ್ಮನ್ನು ಎರಡನೇ ಮಹಡಿಗೆ ಎತ್ತಿದರು. ಜನ ಚಪ್ಪಾಳೆ ತಟ್ಟಿದರು. "ಇದಕ್ಕೆಲ್ಲ ಏನು ಚಪ್ಪಾಳೆ" ಎಂದು ಗೊಣಗುತ್ತಾ ಅಕ್ಕ ನನ್ನ ಕಡೆಗೂ ನೋಡದೆ ಒಳಗೆ ಹೋದಳು. ಮಾರನೆಯ ದಿನದಿಂದ ಮತ್ತೆ ಅದೇ ಮಂಚ, ಅದೇ ಕಿಟಕಿ. ಏನಾದರೂ ನುಡಿಸಿದರೆ ಬೈಯುವುದನ್ನೂ ಬಿಟ್ಟಿದ್ದಾಳೆ. ಸರಿಯಾಗಿ ನುಡಿಸಿದ್ದೇ ತಪ್ಪಾಯಿತೇನೋ ಎಂದು ನನಗೆ ದಿಗಿಲು ಹತ್ತಿದೆ. ನನ್ನಲ್ಲಿ ತಿದ್ದುವುದಕ್ಕೂ ಏನೂ ಉಳಿಯದಿದ್ದರೆ ಅವಳು ಯಾಕಾದರೂ ಎದ್ದು ಬರಬೇಕು?

ಇಷ್ಟರಲ್ಲಿ ಸಂಘದವರು ತಮ್ಮನ್ನು ಕಿತ್ತುಹಾಕಿ, ಸ್ಟೀಲ್ ಬಾಗಿಲಿನ, ಒಳಗೆ ಕನ್ನಡಿ ಇರುವ, ಹೇಳಿದ ಮಹಡಿಗೇ ಹೋಗುವ ಹೊಸಬರನ್ನು ತರಲು ತೀರ್ಮಾನಿಸಿದ್ದಾರೆ. ಕಾರ್ಯದರ್ಶಿಗಳು ಸಹಿಗಾಗಿ ನನ್ನ ಬಳಿಗೂ ಬಂದಿದ್ದರು. ತಮ್ಮ ಮೇಲೆ ಇಷ್ಟು ಸಿಟ್ಟಿರುವ ನಾನು ಕುಣಿದಾಡುತ್ತಾ ಸಹಿ ಹಾಕಬೇಕಿತ್ತು. ಆದರೆ ಪೆನ್ನು ಹಿಡಿದು ಕೂತುಬಿಟ್ಟೆ. ತಮ್ಮ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಆ ಒಂದಿಷ್ಟು ಹೊತ್ತು ನನ್ನ ಅಕ್ಕ ಮೊದಲಿನ ಅಕ್ಕನಾಗಿದ್ದಳು. ಅದು ಸುಳ್ಳಲ್ಲ.

ಆದಕಾರಣ ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ, ತಾವು ಹೋಗುವ ಮುಂಚೆ ನನ್ನ ಅಕ್ಕನ ಬಲಗೈ ಮಣಿಕಟ್ಟನ್ನು ಮೊದಲು ಹೇಗಿತ್ತೋ ಹಾಗೆ ಹಿಂದಿರುಗಿಸಿ ಹೋಗಬೇಕು. ಅದು ತಮ್ಮ ಕೈಲಾಗದಿದ್ದರೆ, ಅವಳನ್ನು ಇನ್ನೊಂದು ಸಲ ತಮ್ಮೊಳಗೆ ಕೂರಿಸಿಕೊಂಡು ಎರಡು ಮಹಡಿಗಳ ನಡುವೆ ಆದಷ್ಟು ದೀರ್ಘಕಾಲ ಕೆಟ್ಟು ನಿಲ್ಲುವ ಕೃಪೆ ಮಾಡಬೇಕು. ಊಟ ತಿಂಡಿಯನ್ನು ಜಾಲರಿಯ ಸಂದಿಯಿಂದ ಕೊಡುವ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಮತ್ತು ತಮ್ಮ ಉತ್ತರಾಧಿಕಾರಿಗೆ ಗುಂಡಿ ಒತ್ತಿದ ಕೂಡಲೇ ಹೇಳಿದ ಕಡೆಗೆ ಓಡುವುದು ಸಭ್ಯತೆಯಲ್ಲವೆಂದೂ, ಪಿಯಾನೋ ಶಿಷ್ಯರು ಹತ್ತಿದಾಗಲಾದರೂ ಮೂರು, ಎರಡು, ಒಂದು, ಎರಡು ಎಂಬ ಸಂಪ್ರದಾಯವನ್ನು ಪಾಲಿಸಬೇಕೆಂದೂ ಹಿರಿಯರ ಸ್ಥಾನದಲ್ಲಿ ನಿಂತು ಬುದ್ಧಿ ಹೇಳಬೇಕು. ಇದ್ಯಾವುದೂ ಆಗುವುದಿಲ್ಲವೆಂದಾದರೆ, ಕನಿಷ್ಠ ಪಕ್ಷ ಎರಡನೇ ಮಹಡಿಗೆ ಬಂದು, ಬಾಗಿಲು ತೆರೆದು, ನನ್ನ ಅಕ್ಕನ ಮುಂದೆ ಒಂದು ಸಲ ತಪ್ಪಾಯಿತು ಎನ್ನಬೇಕು. ತಾವು ಹೇಳಲಾರಿರಿ. ಯಾರಾದರೂ ಹೇಳಬೇಕಲ್ಲ.

ಹೆಚ್ಚಿನದನ್ನು ತಮ್ಮ ಹಗ್ಗ, ಚಕ್ರ ಮತ್ತು ಆತ್ಮಸಾಕ್ಷಿಗೆ ಬಿಟ್ಟು ವಿರಮಿಸುತ್ತೇನೆ.

ಇಂತು
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಪಿಯಾನೋ ಟೀಚರ್

ವಿ.ಸೂ.: ಅಂಟಿಸುವ ಮುನ್ನ ಕಾಗುಣಿತ ತಪ್ಪಿದ್ದರೆ ಹೇಳು ಎಂದು ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಪೂರ್ತಿ ಕೇಳಿ, "ಪಾಪ, ಅದರ ಮೇಲೆ ಯಾಕೆ ಹಾಕ್ತೀಯ?" ಎಂದಳು. "ಅದು ಮೇಲೆ ನಿಂತು ಆಮೇಲೆ ಇಳಿಯುತ್ತೆ ಅಂತ ನನಗೆ ಗೊತ್ತಿರಲಿಲ್ವಾ? ಯಾವಾಗಲೂ ಕಾಯ್ತಿದ್ದೆ. ಅವತ್ತು ಬಾಗಿಲು ತೆಗೀತಿದ್ದ ಹಾಗೇ ನೀನು ಒಳಗೆ ಆ ಸ್ವರಾನ ಚಚ್ತಾ ಇದ್ದಿದ್ದು ಕೇಳಿಸ್ತು ಕಣೇ. ಮೈಯೆಲ್ಲ ಉರೀತು. ಬೈಯೋಣ ಅಂತ ಓಡಿದೆ." ಆದ್ದರಿಂದ ಮಣಿಕಟ್ಟಿನ ವಿಚಾರದಲ್ಲಿ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಅದನ್ನು ಯಾರ ವಿಳಾಸಕ್ಕೆ ಕಳಿಸಬೇಕೆಂದು ತಿಳಿಯದೆ ಕೂತಿದ್ದಾಗ ಅಕ್ಕ ಮಂಚದಿಂದ ಇಳಿದು, ಎಡಗೈಯಲ್ಲೇ ಚಪ್ಪಲಿ ಹುಡುಕಿಕೊಂಡಳು. ನಿಂತುಹೋದ ಕಛೇರಿಗೆಂದು ಸಭಾಂಗಣವನ್ನು ಇನ್ನೊಂದು ಸಂಜೆಗೆ ಕೇಳಿಕೊಂಡು ಬರುತ್ತಾಳಂತೆ. ಜೊತೆಗೆ ಬರುತ್ತೇನೆಂದರೆ, "ಬೇಡ, ಒಂದು ಸಲ ಸರಿ ಬಂದ್ರೆ ಬಂದ ಹಾಗಲ್ಲ, ಕೂತು ನುಡಿಸು" ಎಂದು ಹೇಳಿ ಈಗ ಒಬ್ಬಳೇ ತಮ್ಮ ಬಾಗಿಲ ಮುಂದೆ ಹೋಗಿ ನಿಂತಿದ್ದಾಳೆ. ದಯವಿಟ್ಟು ಅವಳನ್ನು ಜೋಪಾನವಾಗಿ ಇಳಿಸಿ. ಅವಳಿಗೆ ಅಲ್ಲಿಯವರೆಗೆ ಕೇಳಿಸುವಷ್ಟು ಜೋರಾಗಿ ನುಡಿಸುತ್ತಿರುತ್ತೇನೆ.